ಬಕೆಟಿನ ಮುಚ್ಚಳದ ಸೂಜಿತೂತು

ಕೂಳೂರು ಸೇತುವೆಯಿಂದ ನಮ್ಮ ಮನೆಯವರೆಗೆ ಯಾವ ಅಂಗಳಕ್ಕೆ ಬೇಕಾದರೂ ಹೋಗಿ ನೋಡಿ. ಕೋಳಿಗೆ ನೀರು ಕೊಡುವ ಬಕೆಟ್ ಅಲ್ಲಿದ್ದರೆ ಅದು ನನ್ನ ಕೈಯದೇ. ಮೂವತ್ತು ವರ್ಷ ಸಮುದ್ರಕ್ಕೆ ಹೋದವನು ನಾನು. ಮೊಣಕಾಲು ಕೈಕೊಟ್ಟು ಮನೆಯಲ್ಲಿ ಕೂತ ಮೇಲೆ ಈ ವಿದ್ಯೆ ಹತ್ತಿತು. ಬಲೆ ಹೆಣೆದ ಕೈ, ಸುಮ್ಮನೆ ಕೂರು ಅಂದರೆ ಕೂರುತ್ತದೆಯೇ?

ಮನೆಗೆ ಬಣ್ಣ ಬಳಿದವರು ಬಿಟ್ಟುಹೋದ ಬಕೆಟ್ ತರುತ್ತಿದ್ದೆ. ನಾಲ್ಕು ದಿನ ನೀರು ತುಂಬಿಟ್ಟು, ತೊಳೆದು, ಬಿಸಿಲಿಗಿಡಬೇಕು. ಕಾಳಿನ ಬಕೆಟಾದರೆ ಬುಡದಲ್ಲಿ ಮೂರು ತೂತು ಕೊರೆದು ಪೈಪಿನ ಬಾಗಿದ ತುಂಡು ಸಿಕ್ಕಿಸಿದರೆ ಆಯಿತು. ಕೋಳಿ ಅದರೊಳಗೆ ತಲೆ ಹಾಕಿ ತಿನ್ನುತ್ತದೆ, ಕಾಲಿನಿಂದ ಕೆದಕಿ ಚೆಲ್ಲಲು ಆಗುವುದಿಲ್ಲ. ನೀರಿನ ಬಕೆಟ್ ಮಾತ್ರ ಬುದ್ಧಿವಂತರ ಕೆಲಸ. ಬುಡದಿಂದ ಒಂದು ಬೆರಳು ಮೇಲೆ ಒಂದೇ ತೂತು. ಅದಕ್ಕೆ ಬೆರಳು ಒತ್ತಿ ಹಿಡಿದು ನೀರು ತುಂಬಬೇಕು, ಮುಚ್ಚಳ ಬಿಗಿಯಬೇಕು, ಅಂಚಿರುವ ತಟ್ಟೆಯಲ್ಲಿಡಬೇಕು. ತಟ್ಟೆಯ ನೀರು ತೂತಿನ ಮಟ್ಟಕ್ಕೆ ಬಂದರೆ ಹರಿವು ತಾನಾಗಿ ನಿಲ್ಲುತ್ತದೆ. ಕೋಳಿ ಕುಡಿದಷ್ಟೇ ಮತ್ತೆ ಬರುತ್ತದೆ. ಗುಟ್ಟೆಲ್ಲ ಮುಚ್ಚಳದಲ್ಲಿದೆ. ಅದರಲ್ಲಿ ಸೂಜಿಮೊನೆಯಷ್ಟು ಗಾಳಿ ಆಡಿದರೂ ಬಕೆಟ್ ಪೂರ್ತಿ ಖಾಲಿ.

ಪಕ್ಕದ ಮನೆಯವನು ಒಂದೇ ದೋಣಿಯಲ್ಲಿ ನನ್ನೊಂದಿಗೆ ದುಡಿದವನು. ನಂಟಸ್ತಿಕೆ ಏನೂ ಇಲ್ಲದಿದ್ದರೂ ನಾವು ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಅವನನ್ನು ನಾನು ಎಷ್ಟು ಸಲ ಮಂಗ ಮಾಡಿದ್ದೇನೆಂದರೆ ಲೆಕ್ಕವಿಲ್ಲ. ಅವನ ಚಪ್ಪಲಿಯನ್ನು ಐಸಿನ ಪೆಟ್ಟಿಗೆಯಲ್ಲಿ ಹೂತಿದ್ದೇನೆ. ಬಿಜೈ ಬಸ್‌ಸ್ಟ್ಯಾಂಡಿನಲ್ಲಿ ಉಡುಪಿ ಬಸ್ಸೆಂದು ನಂಬಿಸಿ ಪುತ್ತೂರಿನ ಬಸ್ಸಿಗೆ ಹತ್ತಿಸಿ ಕೈಬೀಸಿದ್ದೇನೆ. ಬೈಯುತ್ತಾ ಬರುತ್ತಿದ್ದ, ಚಾ ಕುಡಿದು ಹೋಗುತ್ತಿದ್ದ.

ಆ ವರ್ಷ ಅವನ ಹೆಂಡತಿಗೆ ಸೊಂಟದ ಆಪರೇಷನ್ ಆಗಿತ್ತು. ಸೊಂಟನೋವು ಶುರುವಾದಾಗಲೇ, ಅವಳು ಮೊದಲಿನಂತೆ ನಡೆದರೆ ಮನೆಯ ದೈವಕ್ಕೆ ಒಂದು ಹುಂಜ ಒಪ್ಪಿಸುವೆನೆಂದು ಭಾವ ಹರಕೆ ಹೊತ್ತಿದ್ದ. ಹರಕೆಯ ಹುಂಜವೆಂದರೆ ಪೇಟೆಯಿಂದ ತಂದು ಮುಗಿಸುವಂಥದಲ್ಲ ಎಂಬುದು ಅವನ ಹಟ. ಮರಿಯಿಂದ ಕೈಯಾರೆ ಸಾಕಿದ್ದ. ಉಳಿದ ಕೋಳಿಗಳು ಹಿತ್ತಲಲ್ಲಿ ಅಲೆಯುತ್ತಿದ್ದರೆ, ಇದಕ್ಕೆ ಮಾತ್ರ ತಗಡಿನ ಮಾಡಿನ ಕೆಳಗೆ ಬೇರೆ ಗೂಡು. ಮೇ ಕೊನೆಯ ಪತ್ತನಾಜೆಗೆ ಕೋಲಗಳೆಲ್ಲ ಮುಗಿಯುತ್ತವೆ; ಅದಕ್ಕೆ ಮೊದಲು ಮನೆಯ ದೈವದ ಕೋಲ, ಅಷ್ಟರವರೆಗೆ ಹುಂಜವನ್ನು ಜೋಪಾನ ಮಾಡಬೇಕು.

ಏಪ್ರಿಲಿನ ಬಿಸು ಹಬ್ಬ ಕಳೆದಿತ್ತು. ಬಿಸಿಲೆಂದರೆ ಬಿಸಿಲು. ಭಾವ ಬೇಲಿಯಾಚೆಯಿಂದ ಕೇಳಿದ.

"ಭಾವ, ನಮ್ಮ ಹುಂಜಕ್ಕೂ ಒಂದು ನೀರಿನ ಬಕೆಟ್ ಮಾಡಿ ಕೊಡು ಮಾರಾಯ. ಇವಳನ್ನು ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರೆ ಇಡೀ ದಿನ ಬೇಕು."

"ಮಾಡ್ತೇನೆ. ನನ್ನ ಬಕೆಟಿನಲ್ಲಿ ನೀರು ಕುಡಿದ್ರೆ ನಿನ್ನ ಹುಂಜ ಇಂಗ್ಲಿಷಿನಲ್ಲಿ ಕೂಗ್ತದೆ."

"ಎಂತದೂ ಬೇಡ, ನೀರು ಬಂದ್ರೆ ಸಾಕು!"

ಒಳ್ಳೆಯ ಬಕೆಟನ್ನೇ ಮಾಡಿದೆ. ಮುಗಿದ ಮೇಲೆ ಕೈ ತುರಿಸಿತು. ಸೂಜಿ ಕಾಯಿಸಿ ಮುಚ್ಚಳಕ್ಕೊಂದು ತೂತು ಹಾಕಿದೆ, ಮೇಲೆ ಒಂದು ಹನಿ ಮೇಣ. ಕೊಡುವಾಗ ನೀರು ನಿಲ್ಲಬೇಕು, ಮಧ್ಯಾಹ್ನ ತಗಡು ಕಾದು ಮೇಣ ಬಿಟ್ಟಾಗ ಸೋರಬೇಕು. ಭಾವ ಬೈದುಕೊಂಡು ಬರುತ್ತಾನೆ. "ತೂತಿಗೆ ಹೆಬ್ಬೆರಳಿಟ್ಟು ಸಂಜೆಯವರೆಗೆ ನಿಲ್ಲು" ಎನ್ನುತ್ತೇನೆ. ಆಮೇಲೆ ಬೇರೆ ಮುಚ್ಚಳ ಕೊಡುತ್ತೇನೆ. ಇಷ್ಟೇ ಇದ್ದದ್ದು.

ಬೆಳಿಗ್ಗೆ ಬಕೆಟ್ ಕೊಟ್ಟು ಬಂದೆ. ಊಟ ಮಾಡಿ ಮಲಗಿದೆ. ಎದ್ದು ಜಗಲಿಯಲ್ಲಿ ಕೂತು ಕಾದೆ. ಭಾವ ಬರಲಿಲ್ಲ, ಗೇಟು ಹಾಕಿತ್ತು. ಮುನಿಸಿಕೊಂಡಿದ್ದಾನೆ ಎಂದುಕೊಂಡೆ. ಕುಚೇಷ್ಟೆ ಮಾಡಿದವನು ತಾನಾಗಿ ಹೋಗಿ ಇಣುಕಬಾರದು, ಇಣುಕಿದರೆ ಆಟ ಕೆಟ್ಟಿತು. ಇದು ನನ್ನ ಜೀವಮಾನದ ನಿಯಮ. ಮರುದಿನವೂ ಕಾದೆ. ನನ್ನ ಹೆಂಡತಿ, "ಪಕ್ಕದ ಮನೆಯಲ್ಲಿ ಜನ ಉಂಟಾ ಇಲ್ವಾ, ನೋಡಿ ಬನ್ನಿ" ಎಂದಳು. "ಅವನೇ ಬರ್ತಾನೆ, ನೀನು ಸುಮ್ಮನಿರು" ಎಂದೆ. ಬೇಲಿ ನಮ್ಮ ಜಗಲಿಯಿಂದ ಹತ್ತು ಹೆಜ್ಜೆ.

ಮೂರನೆಯ ಬೆಳಿಗ್ಗೆ ಹುಂಜ ಕೂಗಲಿಲ್ಲ. ಅಷ್ಟು ಹೊತ್ತಿಗೆ ಆಟೋ ಬಂದು ನಿಂತಿತು. ಭಾವ ಒಬ್ಬನೇ ಇಳಿದ. ನಾನು ಮಲಗಿದ್ದ ಮಧ್ಯಾಹ್ನ ಹೆಂಡತಿಗೆ ಜ್ವರ ಏರಿ, ಗಾಯ ಕೀವಾಗಿ, ಅವಸರದಲ್ಲಿ ಆಸ್ಪತ್ರೆಗೆ ಹೋಗಿದ್ದರಂತೆ. ಹೊರಡುವ ಮೊದಲು ಬಕೆಟ್ ತುಂಬಿಸಿ, ಹುಂಜಕ್ಕೆ ಎರಡು ದಿನ ಚಿಂತೆಯಿಲ್ಲ ಎಂದುಕೊಂಡಿದ್ದನಂತೆ.

ಗೂಡಿನ ಹತ್ತಿರ ಹೋದೆವು. ನೀರೆಲ್ಲ ಸೋರಿ ಹಗುರಾದ ಬಕೆಟಿನ ಮೇಲೆ ಹುಂಜ ಹಾರಿರಬೇಕು, ಬಕೆಟೂ ತಟ್ಟೆಯೂ ಮಗುಚಿ ಬಿದ್ದಿದ್ದವು. ಮುಚ್ಚಳ ಓರೆಯಾಗಿತ್ತು. ಹುಂಜ ಮೂಲೆಯಲ್ಲಿ ರೆಕ್ಕೆ ಹರಡಿ, ಕೊಕ್ಕು ತೆರೆದುಕೊಂಡು ಸತ್ತಿತ್ತು.

ಭಾವ ಮುಚ್ಚಳವನ್ನೇ ನೋಡುತ್ತಿದ್ದ. "ಗಡಿಬಿಡಿಯಲ್ಲಿ ನಾನೇ ಸರಿ ಬಿಗಿಯಲಿಲ್ಲ ಭಾವ" ಎಂದ.

ಆಗ ಹೇಳಬೇಕಿತ್ತು. ಹೇಳುವ ಬದಲು ಹಾರೆ ತಂದೆ. ತೆಂಗಿನ ಬುಡದಲ್ಲಿ ಹುಂಜವನ್ನು ಹೂಳಲು ಸಹಾಯ ಮಾಡಿದೆ. ತೊಳೆದು ತರುತ್ತೇನೆಂದು ಮುಚ್ಚಳವನ್ನು ಮನೆಗೆ ಒಯ್ದೆ, ಪ್ಲಾಸ್ಟಿಕ್ ಕರಗಿಸಿ ತೂತು ಮುಚ್ಚಿದೆ, ಮರಳುಕಾಗದದಿಂದ ಉಜ್ಜಿ ನಯ ಮಾಡಿ ಹಿಂದಿರುಗಿಸಿದೆ. ಅಂಥ ಕೆಲಸ ಮಂಗಳೂರಿನಲ್ಲಿ ಇನ್ನೊಬ್ಬನಿಗೆ ಬರುವುದಿಲ್ಲ.

ಭಾವನ ಹೆಂಡತಿ ಉಳಿದಳು. ಆದರೆ ಕೋಲು ಹಿಡಿಯದೆ ನಡೆಯಲು ಇವತ್ತಿಗೂ ಆಗುವುದಿಲ್ಲ. ಗಾಯ ಕೀವಾದದ್ದರಿಂದ ಹೀಗಾಯಿತೆಂದು ಡಾಕ್ಟರು ಹೇಳಿದ್ದಾರೆ. ಭಾವನಿಗೆ ಆ ಮಾತು ತಲೆಗೆ ಹೋಗುವುದಿಲ್ಲ, ಹರಕೆಯ ಹುಂಜ ಸತ್ತದ್ದೇ ಕಾರಣ ಎಂಬುದು ಅವನ ಲೆಕ್ಕ. ಮತ್ತೊಂದು ಹುಂಜ ಸಾಕಿ ಒಪ್ಪಿಸಿದ ಮೇಲೂ, ಅವಳು ಮೆಟ್ಟಿಲಲ್ಲಿ ತಡೆದು ನಿಂತಾಗಲೆಲ್ಲ, "ನಾನು ಒಂದು ಮುಚ್ಚಳ ಸರಿ ಹಾಕಿದ್ದಿದ್ರೆ" ಎನ್ನುತ್ತಾನೆ.

ಈ ಬಿಸುವಿನ ದಿನ ತಡೆಯಲಾಗದೆ ಹೋಗಿ ಎಲ್ಲ ಹೇಳಿದೆ. ಸೂಜಿ, ಮೇಣ, ಎರಡು ದಿನ ಜಗಲಿಯಲ್ಲಿ ಕಾದದ್ದು. ಭಾವ ಕೇಳಿ ನಕ್ಕ.

"ಪುತ್ತೂರಿನ ಬಸ್ಸಿಗೆ ಹತ್ತಿಸಿದವ ನೀನು. ನಿನ್ನ ಮಾತು ನಂಬ್ತೇನಾ ನಾನು? ನನಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದ್ದಿ, ಗೊತ್ತುಂಟು."

"ದೈವದಾಣೆ ಭಾವ, ಮುಚ್ಚಳ ತಾ, ತೋರಿಸ್ತೇನೆ."

ತಂದ. ಬಿಸಿಲಿಗೆ ಹಿಡಿದೆ, ಕನ್ನಡಕ ಹಾಕಿ ನೋಡಿದೆ, ಉಗುರಿನಿಂದ ಕೆರೆದೆ. ಎಲ್ಲಿ ಮುಚ್ಚಿದ್ದೆನೋ ನನಗೇ ಸಿಗಲಿಲ್ಲ.

"ಸಾಕು ಮಾರಾಯ, ಕೊಡು. ಕೋಳಿಗೆ ನೀರಿಡ್ಲಿಕ್ಕುಂಟು" ಎಂದು ಅವನು ಮುಚ್ಚಳ ತೆಗೆದುಕೊಂಡ. ಬಕೆಟ್ ತುಂಬಿ, ಮುಚ್ಚಳವಿಟ್ಟು, ಸುತ್ತಲೂ ಅಂಗೈಯಿಂದ ಒತ್ತಿದ. ಮತ್ತೊಂದು ಸುತ್ತು ಒತ್ತಿದ. ಆಮೇಲೆ ಹೆಂಡತಿಯನ್ನು ಕರೆದ. ಅವಳು ಕೋಲೂರಿಕೊಂಡು ನಿಧಾನವಾಗಿ ಮೆಟ್ಟಿಲಿಳಿದು ಬಂದು, ತಾನೂ ಒಮ್ಮೆ ಒತ್ತಿ ನೋಡಿ, "ಬಿಗಿ ಉಂಟು" ಎಂದಳು.