ಕೆಂಪು ದಾರದ ಕಚ್ಚಾ ಹೊಲಿಗೆ

ನನ್ನ ಮೊಮ್ಮಗಳು ರಾಕೆಟ್ ಹಾರಿಸಿದಳು. ಈ ಮಾತನ್ನು ನಾನು ಹೇಳದ ಮನೆ ನಮ್ಮ ನಿಟ್ಟುವಳ್ಳಿಯಲ್ಲಿ ಉಳಿದಿಲ್ಲ. ಆದರೆ ಹೇಳದೆ ಬಿಟ್ಟ ಮಾತು ಒಂದಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆಯುವುದರಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊಮ್ಮಗಳು ಇಂಜಿನಿಯರಿಂಗ್ ಓದುತ್ತಾಳೆ. ಅವಳೂ ಹರಿಹರದ ಅವಳ ಗೆಳತಿಯೂ ಸೇರಿ ರಟ್ಟಿನ ಕೊಳವೆಯಲ್ಲಿ ನನ್ನ ಎದೆಯೆತ್ತರದ ರಾಕೆಟ್ ಮಾಡಿದ್ದರು. ಅದಕ್ಕೆ ಬೆರಳುದ್ದದ ಎರಡು ಕ್ಯಾಮೆರಾ. ಒಂದು ನೆಲ ನೋಡುವುದು, ಇನ್ನೊಂದು ಆಕಾಶ ನೋಡುವುದು. ಮೇಲೆ ಹೋದ ಮೇಲೆ ಮೂತಿ ಕಳಚಿ, ಒಳಗಿನ ಪ್ಯಾರಾಚೂಟ್ ಬಿಚ್ಚಿಕೊಂಡು, ನಿಧಾನಕ್ಕೆ ಇಳಿಯಬೇಕು. ಆ ಪ್ಯಾರಾಚೂಟ್ ಹೊಲಿದವಳು ನಾನು. ನಲವತ್ತು ವರ್ಷ ರವಿಕೆ ಹೊಲಿದ ಕೈ.

ಹೊಲಿದು, ಮಡಚಿ, ದಾರಿಯಲ್ಲಿ ಮಡಿಕೆ ಕೆಡದಿರಲೆಂದು ಕೆಂಪು ದಾರದಲ್ಲಿ ನಾಲ್ಕು ಕಚ್ಚಾ ಹೊಲಿಗೆ ಹಾಕಿದೆ. ರವಿಕೆಗೂ ಹಾಗೇ ಹಾಕುತ್ತೇನೆ, ಕೊಡುವ ಮುಂಚೆ ಕತ್ತರಿಸುತ್ತೇನೆ.

ಹರಿಹರದ ಹೊರಗೆ, ಗೆಳತಿಯ ಸೋದರಮಾವನ ಭತ್ತ ಕೊಯ್ದ ಗದ್ದೆಗೆ ಹೋದೆವು. ಪ್ಯಾರಾಚೂಟನ್ನು ಗೆಳತಿ ಒಳಗೆ ತುಂಬಿದಳು. ನಾನು ಆಗ ನೋಡಲು ಬಂದವರಿಗೆಲ್ಲ "ನಮ್ಮ ಮೊಮ್ಮಗಳು ರೀ" ಎಂದು ಹೇಳುವುದರಲ್ಲಿದ್ದೆ.

ಮೊಮ್ಮಗಳು ಹತ್ತರಿಂದ ಕೆಳಗೆ ಎಣಿಸತೊಡಗಿದಳು. ಐದು ಎಂದಾಗ ನನಗೆ ಕೆಂಪು ದಾರ ನೆನಪಾಯಿತು. ಬಾಯಿ ತೆರೆದೆ. ಅಷ್ಟು ಜನರ ಮುಂದೆ, ಅಷ್ಟು ಹೇಳಿಕೊಂಡ ಮೇಲೆ, ಹೇಗೆ ಹೇಳಲಿ? ಕಚ್ಚಾ ದಾರ ತಾನೆ, ಗಾಳಿಗೆ ಹರಿದೀತು ಎಂದುಕೊಂಡು ಬಾಯಿ ಮುಚ್ಚಿದೆ.

ಸುಯ್ಯೆಂದು ಹೋಯಿತು, ನೋಡಿ ಕತ್ತು ನೋಯುವಷ್ಟು ಮೇಲೆ. ಚಪ್ಪಾಳೆ ಹೊಡೆಯುತ್ತಲೇ ಇದ್ದೆ, ಅದು ಕಲ್ಲಿನ ಹಾಗೆ ಬಂದು ಬದುವಿನಾಚೆಯ ಹಸಿ ಮಣ್ಣಿಗೆ ಬೀಳುವವರೆಗೆ.

ಮೊಮ್ಮಗಳು ಗೆಳತಿಯ ಮೇಲೆ ಹರಿಹಾಯ್ದಳು. "ಹೆಂಗೆ ತುಂಬಿದ್ಯೇ ನೀನು? ಚೀಲಕ್ಕೆ ಹುಲ್ಲು ತುರುಕಿದಂಗೆ ತುರುಕಿರ್ತೀಯ. ಇನ್ಮ್ಯಾಲೆ ಪ್ಯಾರಾಚೂಟ್ ಮುಟ್ಟಬ್ಯಾಡ."

"ಆತು ಬಿಡು," ಎಂದಳು ಆ ಹುಡುಗಿ, ಅಷ್ಟೆ. ನಾನು ಪಕ್ಕದಲ್ಲೇ ನಿಂತಿದ್ದೆ.

ಕ್ಯಾಮೆರಾಗಳು ಉಳಿದಿದ್ದವು. ಗೆಳತಿಯ ಮನೆಯಲ್ಲಿ ಲ್ಯಾಪ್‌ಟಾಪಿಗೆ ಹಾಕಿದರು. ಮೊದಲು ನೆಲ ನೋಡುವುದು. ಗದ್ದೆ ಕರ್ಚೀಫಿನಷ್ಟಾಯಿತು, ಆಚೆ ತುಂಗಭದ್ರೆ ಲೇಸಿನ ಹಾಗೆ, ನಡುವೆ ಒಂದು ನೀಲಿ ಚುಕ್ಕೆ. "ಅದು ನೀನೇ ಅಜ್ಜಿ, ನಿನ್ನ ಸೀರೆ," ಎಂದಳು ಮೊಮ್ಮಗಳು. ಆ ಖುಷಿಯಲ್ಲಿ ನನ್ನ ತಪ್ಪೂ ಮರೆತೇಹೋಗಿತ್ತು. ಈಗಲೂ ಚುಚ್ಚುವುದು ಅದೇ.

ಆಮೇಲೆ ಎರಡನೆಯದು. ಮೂತಿ ಕಳಚಿತು, ಪ್ಯಾರಾಚೂಟ್ ಹೊರಬಂತು, ಮಡಚಿದ ಹಾಗೆಯೇ. ಬಿಸಿಲಿನಲ್ಲಿ ನಾಲ್ಕು ಕೆಂಪು ಹೊಲಿಗೆ.

"ನಾನೇ ಹಾಕಿದ್ದು," ಎಂದೆ. "ಹಾರೋಕೆ ಮುಂಚೆನೇ ನೆನಪಾಗಿತ್ತು. ನಾಚಿಕೆಗೆ ಸುಮ್ನಿದ್ದೆ."

ಮೊಮ್ಮಗಳು ನನ್ನ ಕಡೆ ತಿರುಗಲಿಲ್ಲ. ಗೆಳತಿಯೇ ಮಾತಾಡಿದಳು: "ತುಂಬುವಾಗ್ಲೇ ದಾರ ನೋಡಿದ್ದೆ ಅಜ್ಜಿ. ನೀವು ಹಾಕಿದ್ದು, ಏನೋ ಕಾರಣ ಐತೆ ಅಂತ ಬಿಚ್ಚಲಿಲ್ಲ."

"ಮತ್ತೆ ಬೈಸಿಕೊಂಡಾಗ ಹೇಳಬಾರದೇನವ್ವ?"

"ಅಷ್ಟು ಜನದ ಮುಂದೆ ನಿಮ್ಮನ್ನ ಹೆಂಗೆ ಅನ್ನಲಿ?"

ಈಗ ಹೊಸ ಪ್ಯಾರಾಚೂಟ್ ಹೊಲಿಯುತ್ತಿದ್ದೇನೆ. ತುಂಬುವವಳು ಅದೇ ಗೆಳತಿ. ಮೊಮ್ಮಗಳು ಅವಳ ಕೈಗೊಂದು ಕತ್ತರಿ ಕೊಟ್ಟು, "ಅಜ್ಜಿ ಕೊಟ್ಟಿದ್ದು ಅಂತ ನಂಬಬ್ಯಾಡ," ಎಂದಳು. ಮೂವರೂ ನಕ್ಕೆವು. ಆದರೆ ಅವತ್ತು ಗದ್ದೆಯಲ್ಲಿದ್ದವರು ಇನ್ನೂ ಅವಳದೇ ತಪ್ಪೆಂದುಕೊಂಡಿದ್ದಾರೆ. ಮುಂದಿನ ಸಲ ಹೋದಾಗ ಅವರಿಗೆಲ್ಲ ದಾರದ ವಿಷಯ ಹೇಳಬೇಕು, "ನಮ್ಮ ಮೊಮ್ಮಗಳು ರೀ" ಅನ್ನುವುದಕ್ಕಿಂತ ಮೊದಲು.