ತಡಮೆಯ ಮೇಲೆ ಮೂರು ತಟ್ಟು

ನಿಂಬೆಹುಲ್ಲಿನ ಎಣ್ಣೆ ಕಾಯಿಸುವ ಒಲೆಯ ಪಕ್ಕ ಕೂತು ಕೂತು ಚೇಡತ್ತಿಯ ಬಲಗೆನ್ನೆ ಎಡಗೆನ್ನೆಗಿಂತ ಕಪ್ಪಾಗಿತ್ತು. ಕಿವಿಯ ಮೇಲ್ತುದಿಯಲ್ಲಿ ಬಳೆಯಂಥ ಚಿನ್ನದ ಓಲೆ. ತಿರುವಾಂಕೂರಿನಿಂದ ಬಂದು, ಗಡಿಯಂಚಿನ ಕಲ್ಲೂರಿನ ನಮ್ಮ ಗದ್ದೆಯ ಪಕ್ಕ ಕಾಡು ಕಡಿದು ನೆಲೆಸಿದವರು. ಅವರ ಕಡೆ ಹಿರಿಯ ಹೆಂಗಸನ್ನು ಕರೆಯುವುದೇ ಚೇಡತ್ತಿ ಎಂದು. ನಾವೂ ಹಾಗೇ ಕರೆದೆವು.

ಹೊಳೆದಾರಿಯಲ್ಲಿ ಮರ ಕಡಿಸುವ ಕೂಪಿನ ಮೇಸ್ತ್ರಿ ಅಕ್ಕನ ಮೇಲೆ ಬಲಾತ್ಕಾರ ಮಾಡಿದ ಮೇಲೆ ಅವಳು ಹೊಸಿಲು ದಾಟಲಿಲ್ಲ. ಅವನು ಮಾತ್ರ ಅದೇ ದಾರಿಯಲ್ಲಿ ಓಡಾಡಿಕೊಂಡಿದ್ದ. ಲಾರಿಯ ಸದ್ದು ಕೇಳಿದರೆ ಅಕ್ಕ ಕದದ ಹಿಂದೆ ನಿಲ್ಲುತ್ತಿದ್ದಳು. ದೊಡ್ಡಪ್ಪ, "ಕುಯ್ಲು ಮುಗಿಯೋದ್ರೊಳಗೆ ಗಡಿಯಾಚೆ ಎಲ್ಲಿಗಾದ್ರೂ ಕೊಟ್ಬಿಡೋಣ" ಎಂದರು. ಅಪ್ಪ ಕುಡುಗೋಲು ಎತ್ತಿಕೊಂಡು ಗದ್ದೆಗೆ ಹೋದರು.

ನಾಲ್ಕನೆಯ ದಿನ ಚೇಡತ್ತಿ ನಮ್ಮ ಬೇಲಿಬಾಗಿಲ ಬಿದಿರ ತಡಮೆಯ ಮೇಲೆ ಕತ್ತಿಹಿಡಿಯಿಂದ ಮೂರು ಸಲ ತಟ್ಟಿ ನಿಂತರು. "ನಾನು, ಚೇಡತ್ತಿ. ಬರಲಾ ಮೋಳೆ?" ಮೋಳೆ ಎಂದರೆ ಅವರ ಮಾತಿನಲ್ಲಿ ಮಗಳೇ ಎಂದು.

"ಬನ್ನಿ" ಎಂದೆ.

"ನಿನ್ನ ಅಲ್ಲ ಕೇಳಿದ್ದು." ಹೊರಟೇಹೋದರು.

ಹನ್ನೊಂದು ದಿನ ಹೀಗೇ. ಹನ್ನೆರಡನೆಯ ದಿನ ಅಕ್ಕ ಒಳಗಿಂದ "ಬನ್ನಿ" ಎಂದಳು. ಬಂದರು, ಮರಗೆಣಸು ಸುಲಿದರು, ಏನೂ ಕೇಳದೆ ಹೋದರು. ಅಕ್ಕ ತಾನಾಗಿ ಹೇಳಿದ ದಿನ ಪೂರ್ತಿ ಕೇಳಿಸಿಕೊಂಡು, "ತಪ್ಪು ನಿಂದಲ್ಲ" ಎಂದರು, ಅಷ್ಟೇ.

ಅಕ್ಕ ಅಂಗಳಕ್ಕೆ ಇಳಿಯತೊಡಗಿದಳು. ನಾನು ಅವಳ ಹೆಜ್ಜೆ ಎಣಿಸಿ ದಿನಚರಿಯಲ್ಲಿ ಬರೆಯತೊಡಗಿದೆ. ಹೊಸಿಲಿಂದ ತಡಮೆಗೆ ನಲವತ್ತೊಂದು. ಅಷ್ಟು ನಡೆದರೆ, ಸರಿಹೋದಳೆಂದು ದೊಡ್ಡಪ್ಪನಿಗೆ ತೋರಿಸಿ ಮದುವೆ ತಪ್ಪಿಸಬಹುದೆಂಬ ಆಸೆ. ಏಳು, ಒಂಬತ್ತು, ಹದಿನೇಳು. ಕುಯ್ಲು ಹತ್ತಿರವಾದಂತೆ ನನಗೆ ನಿದ್ದೆ ಬರದಾಯಿತು. ಒಂದು ಬೆಳಿಗ್ಗೆ, "ಇನ್ನೆರಡು ಇಡು ಅಕ್ಕ, ಹತ್ತೊಂಬತ್ತಾಗ್ತದೆ" ಎಂದುಬಿಟ್ಟೆ. ಅವಳು ನನ್ನ ಕೈಲಿದ್ದ ಪುಸ್ತಕ ನೋಡಿದಳು. ಐದು ದಿನ ಹೊರಬರಲಿಲ್ಲ.

ಅಳುತ್ತಾ ಚೇಡತ್ತಿಯ ಬಳಿ ಓಡಿದೆ. "ನೀನೂ ಅವಳ ಬೆನ್ನು ಹತ್ತಿದೆಯಲ್ಲ ಮೋಳೆ! ಪುಸ್ತಕ ಅವಳಿಗೇ ಕೊಡು." ಕೊಟ್ಟೆ. ಅಕ್ಕ ಆ ಹಾಳೆಗಳನ್ನು ಹರಿದು ಒಲೆಗೆ ಹಾಕಿ ಪುಸ್ತಕ ಹಿಂದಿರುಗಿಸಿದಳು.

ಅದೇ ಸಂಜೆ ಚೇಡತ್ತಿ ಜಗಲಿಗೆ ಬಂದರು. "ಜ್ವರ ಬಿಡದವರನ್ನ ಹೊಳೆ ದಾಟಿಸ್ತಾರಾ? ಇವಳದೂ ಹಾಗೇ. ಅವಳನ್ನೊಂದು ಮಾತು ಕೇಳಿ."

"ಊರು ಏನನ್ನತ್ತೆ?" ದೊಡ್ಡಪ್ಪ ಸಿಡುಕಿದರು.

"ಎಲ್ಲಿದೆ ಇಲ್ಲಿ ಊರು? ಮೂರು ಮನೆ, ಒಂದು ಆನೆ."

ಅಪ್ಪ ಮೊದಲ ಸಲ ಅಕ್ಕನನ್ನು ಕೇಳಿದರು. "ಬೇಡ" ಎಂದಳು. ದೊಡ್ಡಪ್ಪ ಊಟ ಮಾಡದೆ ಎದ್ದುಹೋದರು.

ಮುಂದಿನ ಮಳೆಯಲ್ಲಿ ಮಲೇರಿಯಾ ಆರೇ ದಿನದಲ್ಲಿ ಚೇಡತ್ತಿಯನ್ನು ಕೊಂಡೊಯ್ದಿತು. ಸುದ್ದಿ ಬಂದಾಗ ಅಕ್ಕ ನಮಗಿಂತ ಮುಂಚೆ ಹೊರಟಳು. ಅವರ ತಡಮೆಯ ಬಳಿ ನಿಂತು ಕಲ್ಲಿನಿಂದ ಮೂರು ಸಲ ತಟ್ಟಿದಳು. ಒಳಗಿನ ಅಳುವಿನಲ್ಲಿ ಯಾರಿಗೂ ಕೇಳಿಸಲಿಲ್ಲ.

"ಹೋಗೋಣ ಬಾ" ಎಂದೆ. ಅವಳು ಕದಲಲಿಲ್ಲ. ಮತ್ತೆ ತಟ್ಟಿದಳು.

ಚೇಡತ್ತಿಯ ಗಂಡ ಬಾಗಿಲಿಗೆ ಬಂದು, ಅಕ್ಕನನ್ನು ನೋಡಿ, "ಬಾ ಮೋಳೆ" ಎಂದರು.