ಬ್ಲಫ್ ಬಂದರಿನಲ್ಲಿ ಸಾಸಿವೆ

ದಕ್ಷಿಣದ ದ್ವೀಪಗಳ ಪ್ರವಾಸದ ಹಡಗಿನಲ್ಲಿ ಸಸ್ಯಾಹಾರಿಗಳಿಗೆ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ಬಿಟ್ಟರೆ ಏನೂ ಸಿಗುವುದಿಲ್ಲವೆಂದು ಹ್ಯಾಮಿಲ್ಟನ್ನಿನ ನಮ್ಮ ಕನ್ನಡದವರೆಲ್ಲ ನಂಬಿದ್ದರು. ಹಾಗಾಗಿ ನನ್ನ ಜೊತೆ ಹೊರಟಿದ್ದ ಪದ್ಮಾ ಆಂಟಿ ಹತ್ತು ದಿನಕ್ಕಾಗುವಷ್ಟು ಪುಳಿಯೋಗರೆ ಗೊಜ್ಜು ತಂದಿದ್ದರು.

ಹಡಗು ಹೊರಡುವುದು ಸಂಜೆ. ಅಲ್ಲಿಯವರೆಗೆ ದೇಶದ ದಕ್ಷಿಣದಂಚಿನ ಬ್ಲಫ್ ಊರು ತೋರಿಸಲು ಬಸ್ಸಿತ್ತು. ಅದನ್ನು ಹತ್ತುವ ಮುಂಚೆ ಬಂದರಿನ ಶೆಡ್ಡಿನಲ್ಲಿ ಚೀಲಗಳ ತಪಾಸಣೆ. ನಾವು ನೋಡಲಿದ್ದ ದಕ್ಷಿಣದ ದ್ವೀಪಗಳಿಗೆ ಹೊರಗಿನ ಒಂದು ಬೀಜವೂ ಹೋಗಬಾರದಂತೆ. ತಪಾಸಣೆಯ ಹೆಂಗಸು ಗೊಜ್ಜಿನ ಡಬ್ಬಿ ತೆರೆದಳು.

“ಈ ಕಪ್ಪು ಕಾಳು ಏನು?”

“ಸಾಸಿವೆ. ಎಣ್ಣೆಯಲ್ಲಿ ಸಿಡಿದಿದೆ, ಇನ್ನು ಮೊಳೆಯುವುದಿಲ್ಲ,” ಎಂದೆ.

“ಎಲ್ಲವೂ ಸಿಡಿದಿವೆಯಾ?”

ಹೌದೆಂದಿದ್ದರೆ ಮುಗಿಯುತ್ತಿತ್ತು. ಆಂಟಿ ಬಾಯಿ ಹಾಕಿದರು. “ಒಂದೆರಡು ಸಿಡಿದಿಲ್ಲ. ಸುಳ್ಳು ಯಾಕೆ ಹೇಳ್ಬೇಕು?”

ಸಾಸಿವೆಯನ್ನೆಲ್ಲ ಆಯ್ದು ತೆಗೆಯಿರಿ, ಇಲ್ಲವೇ ಡಬ್ಬಿ ಎಸೆಯಿರಿ ಎಂದಳು ಅವಳು.

“ಎಸೆದ್ರೆ ಹತ್ತು ದಿನ ಉಪವಾಸ ಇರ್ತೀಯೇನಪ್ಪಾ?” ಎಂದು ಆಂಟಿ ನನ್ನನ್ನೇ ಕೇಳಿದರು.

ಉಳಿದವರು ಗುಡ್ಡ ಹತ್ತಿ, ಸಮುದ್ರದಂಚಿನ ಕೈಮರದ ಮುಂದೆ ಫೋಟೊ ತೆಗೆಸಿಕೊಂಡು ಬಂದರು. ಅಷ್ಟೂ ಹೊತ್ತು ನಾವಿಬ್ಬರೂ ಶೆಡ್ಡಿನಲ್ಲಿ ಕೂತು, ಹಲ್ಲುಕಡ್ಡಿ ಹಿಡಿದು, ಹುಣಸೆ ಅಂಟಿನಿಂದ ಸಾಸಿವೆ ಹೆಕ್ಕಿದೆವು. ಆ ಹೆಂಗಸು ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದಳು.

“ಇನ್ನೊಂದಿದೆ,” ಎನ್ನುವಳು.

“ಅದು ಕಡಲೆಬೇಳೆ ಚೂರು ಕಣಮ್ಮಾ,” ಎಂದು ಆಂಟಿ ಕನ್ನಡದಲ್ಲೇ ಗದರುವರು.

ಕೊನೆಗೂ ಡಬ್ಬಿ ಪಾಸಾಯಿತು. ರಾತ್ರಿ ಊಟಕ್ಕೆ ಅದನ್ನು ಮೇಜಿನ ಮೇಲಿಟ್ಟುಕೊಂಡು ಕೂತೆವು. ಹಡಗಿನ ಮುಖ್ಯ ಅಡುಗೆಯವರು ಬಂದು, ಸಾರು ತರಲೋ ಹುಳಿ ತರಲೋ ಎಂದು ಕೇಳಿದರು.

ಅವರು ಕುಂದಾಪುರದವರು.